ಎಮಿಲ್ ಬರೆದ ಮೂರು ಎಸೆತ

ಹಾರ್ಲನ್ ಫೆರಿಯಲ್ಲಿ ದೇವರ ವಿಷಯಕ್ಕೆ ಜಗಳವಾಡಿದವರು ಮರುದಿನ ಮಾತಾಡಿಕೊಂಡಾರು. ಫುಟ್‌ಬಾಲಿನಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ವಿಷಯಕ್ಕೆ ಜಗಳವಾಡಿದವರ ಮೊಮ್ಮಕ್ಕಳೂ ಮುಖ ತಿರುಗಿಸಿಕೊಂಡೇ ಓಡಾಡುತ್ತಾರೆ. ನದಿಯ ಈ ದಡದಲ್ಲಿ ಹಾರ್ಲನ್ ಫೆರಿ, ಆ ದಡದಲ್ಲಿ ಟಾರ್ಬೆಟ್. ಎರಡೂ ಊರಿಗೆ ಒಂದೇ ಉಕ್ಕಿನ ಕಾರ್ಖಾನೆ ಅನ್ನ ಹಾಕುತ್ತಿತ್ತು, ಒಂದೇ ದಿನ ಎರಡೂ ಊರಿಗೆ ಬಾಗಿಲು ಹಾಕಿಕೊಂಡಿತು. ಅಷ್ಟಾದರೂ ಬುದ್ಧಿ ಬರಲಿಲ್ಲ. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಗ್ಗೆ, ಮನೆಮನೆಯ ಒಲೆಯಲ್ಲಿ ಟರ್ಕಿ ಕೋಳಿ ಬೇಯುತ್ತಿರುವಾಗ, ಎರಡು ಊರಿನ ಹೈಸ್ಕೂಲು ಹುಡುಗರು ಕೈಯಲ್ಲೇ ಚೆಂಡು ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿಗೆ ಮೈದಾನಕ್ಕಿಳಿದು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಅವರ ಅಪ್ಪಂದಿರು, ತಾತಂದಿರು ಮೇಲೆ ಕೂತು ಗಂಟಲು ಹರಿದುಕೊಳ್ಳುತ್ತಾರೆ.

ಈ ವರ್ಷದ ಆಟ ಕೊನೆಯದು. ಮಕ್ಕಳು ಕಡಿಮೆಯಾಗಿ ಬರುವ ವರ್ಷದಿಂದ ಎರಡು ಸ್ಕೂಲನ್ನೂ ಒಂದು ಮಾಡುತ್ತಾರಂತೆ. ಅದಕ್ಕೇ ಕೌಂಟಿಯ ಪತ್ರಿಕೆಯವರು, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಇಷ್ಟು ವರ್ಷಗಳಲ್ಲಿ ಎರಡು ಊರಿನಿಂದ ಆಡಿದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಹತ್ತು ಮಂದಿಯನ್ನು ಆರಿಸಿ, ಒಂದು ಎರಡು ಮೂರು ಎಂದು ಸ್ಥಾನ ಕೊಟ್ಟು ಪಟ್ಟಿ ಹಾಕಿದರು. ಸೋಮವಾರ ಬೆಳಗ್ಗೆ ಡೊಲೋರೆಸಳ ಹೋಟೆಲಿನಲ್ಲಿ ಆ ಪತ್ರಿಕೆ ಕೈಯಿಂದ ಕೈಗೆ ಹೋಗಿ, ಮೊಟ್ಟೆಯ ಜಿಡ್ಡು ಹತ್ತಿ, ಒಂಬತ್ತು ಗಂಟೆಗೆಲ್ಲ ಹಳೇ ಬಟ್ಟೆಯಂತಾಗಿತ್ತು.

"ನಾಲ್ಕು! ನಮ್ಮ ಡೆನ್ನಿಗೆ ನಾಲ್ಕನೇ ಸ್ಥಾನ!" ಕ್ಲೆಮ್ ಪ್ರೂಯಿಟ್ ಪತ್ರಿಕೆಯನ್ನು ಕೌಂಟರ್ ಮೇಲೆ ಅಪ್ಪಳಿಸಿದ. ಮೂವತ್ತು ವರ್ಷ ಮನೆಮನೆಗೆ ಟಪಾಲು ಹಂಚಿ ನಿವೃತ್ತನಾದ ಕ್ಲೆಮ್, ಡೆನ್ನಿ ಮರ್ಹೆಫ್ಕನ ಚಿಕ್ಕಮ್ಮನ ಮಗ. ಡೆನ್ನಿ ಸತ್ತು ಆರು ವರ್ಷವಾಗಿತ್ತು. ಅವನ ಪರವಾಗಿ ಕೂಗಾಡುವ ಕೆಲಸ ಇವನ ಪಾಲಿಗೆ ಬಂದಿತ್ತು. "ಬರೆದೋರಿಗೆ ಕಣ್ಣಿದೆಯೋ, ಗೋಲಿ ಇದೆಯೋ?"

"ನಾಲ್ಕೇ ಜಾಸ್ತಿ ಆಯ್ತು," ಎಂದಳು ಡೊಲೋರೆಸ್, ಅವನ ಲೋಟಕ್ಕೆ ಕಾಫಿ ಸುರಿಯುತ್ತ. ಅವಳು ಹುಟ್ಟಿದ್ದು ಟಾರ್ಬೆಟ್‌ನಲ್ಲಿ, ಸೊಸೆಯಾಗಿ ಬಂದದ್ದು ಹಾರ್ಲನ್ ಫೆರಿಗೆ. ನಲವತ್ತು ವರ್ಷವಾದರೂ ತವರಿನ ಮಾತು ಬಿಟ್ಟುಕೊಟ್ಟವಳಲ್ಲ. "ಎಪ್ಪತ್ತೊಂದನೇ ಇಸವೀಲಿ ಹಬ್ಬದ ಆಟ ಗೆದ್ದೋರು ಯಾರಪ್ಪಾ? ಟಾರ್ಬೆಟ್. ಇಪ್ಪತ್ತು, ಹದಿನಾಲ್ಕು. ಗೆಲ್ಲಿಸಿದ ಲ್ಯಾಂಡೊ ಐದನೇ ಸ್ಥಾನದಲ್ಲಿ, ಸೋತೋನು ಅವನ ತಲೆ ಮೇಲೆ. ಇದ್ಯಾವ ನ್ಯಾಯ?"

"ಗೆಲ್ಲೋದು ಹನ್ನೊಂದು ಜನ ಕಣಮ್ಮ. ಎಸೆಯೋದು ಒಬ್ಬ."

"ಹಿಡಿಯೋದು ಯಾರು, ನಿಮ್ಮಜ್ಜಿನಾ?"

ಎಲ್ಲರೂ ನಕ್ಕರು. ಕ್ಲೆಮ್‌ನ ಪಕ್ಕ ಕೂತಿದ್ದ ಲ್ಯಾಂಡೊ ಫುಸಾರೊ ಎಲ್ಲರಿಗಿಂತ ಜೋರಾಗಿ ನಕ್ಕ. ತನ್ನದೇ ವಿಷಯ ನಡೆದಿದ್ದರೂ ಅವನು ಆಲೂಗಡ್ಡೆ ಹುರಿದದ್ದನ್ನು ನಿಧಾನವಾಗಿ ತಿನ್ನುತ್ತಿದ್ದ. ಅರವತ್ತೈದು ದಾಟಿದ ಆಳು. ಬಲಗೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅಂಗಿ ತೊಡುವಾಗಲೂ ಎಡಗೈ ಸಹಾಯ ಬೇಕು. ಒಂದು ಕಾಲಕ್ಕೆ ಅದೇ ಕೈ ಟಾರ್ಬೆಟ್‌ನ ಹೆಮ್ಮೆಯಾಗಿತ್ತು.

"ಮೊದಲ ಮೂರು ಸ್ಥಾನ ಯಾರಿಗೆ ಬಂದಿದೆ ಅಂತ ಒಬ್ಬರಾದ್ರೂ ಕೇಳಿದ್ರಾ?" ಎಂದ ಲ್ಯಾಂಡೊ. "ಪಾಪ, ಅವರ ಕಡೆಯೋರು ಯಾವ ಹೋಟೆಲಲ್ಲಿ ಕೂತು ಬೈಸ್ಕೊಳ್ತಿದಾರೋ."

"ನೀನು ಸುಮ್ನಿರು. ಐದಕ್ಕೇ ಹಲ್ಲು ಕಿರಿಯೋನು," ಎಂದು ಕ್ಲೆಮ್ ಪತ್ರಿಕೆ ಎತ್ತಿ ಮೂಗಿನ ಹತ್ತಿರ ಹಿಡಿದು ಓದಿದ. "'ಇವರಿಬ್ಬರಲ್ಲಿ ಯಾರು ಮೇಲು ಎಂದು ನಾವು ಮೂವರೂ ಒಂದು ವಾರ ಚರ್ಚಿಸಿದೆವು. ಕೊನೆಗೆ ಅಂಕಿಯೇ ತೀರ್ಮಾನ ಹೇಳಿತು. 1971ರ ಇಡೀ ವರ್ಷದ ಆಟಗಳಲ್ಲಿ ಡೆನ್ನಿ ಮರ್ಹೆಫ್ಕ ಎಸೆದು ಗಳಿಸಿದ್ದು 1,412 ಗಜ. ಲ್ಯಾಂಡೊ ಫುಸಾರೊ 1,339.' ಬರೆದವಳು ಟೆಸ್ ವಾರ್ನಕ್. ಅವಳ ಅಮ್ಮನೇ ಆಗ ತೊಟ್ಟಿಲಲ್ಲಿದ್ದಳೋ ಏನೋ!"

"ಹಾಗಾದ್ರೆ ಅಂಕಿನೂ ಸುಳ್ಳಿರಬಹುದು," ಎಂದಳು ಡೊಲೋರೆಸ್. "ಆ ಆಟದಲ್ಲಿ ನಾನಿದ್ದೆ. ಲ್ಯಾಂಡೊ ಎಷ್ಟೊಂದು ಎಸೆದ. ಅದೆಲ್ಲ ಎಲ್ಲಿ ಹೋಯ್ತು?"

ಲ್ಯಾಂಡೊ ಮುಳ್ಳುಚಮಚ ಕೆಳಗಿಟ್ಟ. "ಸಾಕು ನಿಲ್ಲಿಸ್ರೋ. ಆ ಆಟದ ಲೆಕ್ಕದ ಪುಸ್ತಕ ಬರೆದಿದ್ದು ಇಗೋ ಇವನು, ಎಮಿಲ್. ಎಮಿಲ್ ಪೆನ್ಸಿಲು ಸುಳ್ಳು ಹೇಳಲ್ಲ. ಎಪ್ಪತ್ತಮೂರು ಗಜ ಕಡಿಮೆ ಅಂದ್ರೆ ಕಡಿಮೆ." ಹೀಗೆಂದು ಪಕ್ಕದಲ್ಲಿದ್ದ ಗೆಳೆಯನ ಬೆನ್ನು ತಟ್ಟಿದ.

ಎಮಿಲ್ ಸೋಪ್ಕೊನ ಬಾಯಲ್ಲಿದ್ದ ಬ್ರೆಡ್ಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅಂದವರೂ ಯಾರಿಲ್ಲ, ಸಾಚಾ ಅಂದದ್ದಕ್ಕೇ ಇವನು ಬೆವರಿದ. ನಲವತ್ತೆಂಟು ವರ್ಷದಿಂದ ಪ್ರತಿ ನವೆಂಬರಿನಲ್ಲಿ ಈ ವಾದ ಏಳುತ್ತಿತ್ತು, ಪ್ರತಿ ಸಲ ಲ್ಯಾಂಡೊ ಇದೇ ಮಾತು ಹೇಳಿ ಮುಗಿಸುತ್ತಿದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೀಗೆ ನಂಬಿಬಿಟ್ಟರೆ ಮನುಷ್ಯ ಎಲ್ಲಿಗೆ ಹೋಗಬೇಕು?

ಆ ಸೀಮೆಯ ವಾಡಿಕೆ ಹೀಗೆ: ಆಟ ಯಾರ ಮೈದಾನದಲ್ಲೋ, ಪುಸ್ತಕ ಅವರದು. ಮೈದಾನದವರ ಕಡೆಯವನೊಬ್ಬ ಮೇಲುಗಡೆ ಹಲಗೆಯ ಗೂಡಿನಲ್ಲಿ ಕೂತು ಯಾರು ಎಸೆದರು, ಯಾರು ಓಡಿದರು, ಎಷ್ಟು ಗಜ ಎಂದು ಎರಡೂ ತಂಡದ್ದನ್ನು ಬರೆಯುತ್ತಾನೆ. ಆಟ ಮುಗಿದ ಮೇಲೆ ಪತ್ರಿಕೆಗೆ ಫೋನಿನಲ್ಲಿ ಓದಿ ಹೇಳುತ್ತಾನೆ. ಅವನು ಹೇಳಿದ್ದು ಅಚ್ಚಾಗುತ್ತದೆ. ಅಚ್ಚಾದದ್ದನ್ನು ನೋಡಿ ಕ್ರೀಡಾ ಬರಹಗಾರರು ಯಾರು ಮೇಲೆ ಯಾರು ಕೆಳಗೆ ಎನ್ನುತ್ತಾರೆ. ಎದುರಾಳಿ ಊರಿನವರು ಕೇಳಲು ಹೋಗುವುದಿಲ್ಲ. ಕೇಳಿದರೆ ಅವಮಾನ ಮಾಡಿದ ಹಾಗೆ.

1971ರ ಹಬ್ಬದ ಆಟ ಹಾರ್ಲನ್ ಫೆರಿಯ ಮೈದಾನದಲ್ಲಿ; ಆ ಗೂಡಿನಲ್ಲಿ ಕೂತವನು ಇಪ್ಪತ್ತೆರಡರ ಎಮಿಲ್. ದೊಡ್ಡ ಕಾಲೇಜೊಂದರ ತರಬೇತುದಾರ, ವರ್ಷದ ಕೊನೆಗೆ ಪತ್ರಿಕೆಯ ಪಟ್ಟಿಯಲ್ಲಿ ಮೊದಲು ಬಂದವನನ್ನು ನೋಡಲು ಬರುತ್ತೇನೆಂದು ಹೇಳಿ ಕಳಿಸಿದ್ದ. ಡೆನ್ನಿ ಎಮಿಲ್‌ನ ಬೀದಿಯ ಹುಡುಗ. ಎಮಿಲ್‌ನ ಸೈಕಲ್ಲಿನ ಹಿಂದೆ ಕೂತು ಬೆಳೆದವನು. ಅವತ್ತು ಊರು ಸೋತಿತು. ಸೋಲಿನ ಸಿಟ್ಟು, ಡೆನ್ನಿಯ ಮೇಲಿನ ಮುದ್ದು, ಎರಡೂ ಸೇರಿ ಪೆನ್ಸಿಲು ಹಿಡಿದ ಕೈಯನ್ನು ಕೆಡಿಸಿದವು.

ಮೋಸ ಸಣ್ಣದು, ಎಷ್ಟು ಸಣ್ಣದೆಂದರೆ ಹೇಳಿದರೆ ನಗಬೇಕು. ಚೆಂಡನ್ನು ಮುಂದಕ್ಕೆ ಎಸೆದರೆ ಸಿಕ್ಕ ಗಜವೆಲ್ಲ ಎಸೆದವನ ಹೆಸರಿಗೆ. ಪಕ್ಕಕ್ಕೋ ಹಿಂದಕ್ಕೋ ಕೊಟ್ಟರೆ ಅದು ಎಸೆತವೇ ಅಲ್ಲ, ಹಿಡಿದು ಓಡಿದವನ ಓಟ. ಲ್ಯಾಂಡೊ ಅವತ್ತು ಸೊಂಟದ ಮಟ್ಟದಿಂದ, ಬೀಸುಗೈಯಲ್ಲಿ, ಗಿಡ್ಡ ಎಸೆತಗಳನ್ನು ಎಸೆದ. ಅದರಲ್ಲಿ ಮೂರು ಚೆಂಡು ಹಿಡಿದವರು ಬಹಳ ದೂರ ಓಡಿದರು: ಮೂವತ್ತನಾಲ್ಕು ಗಜ, ನಲವತ್ತೊಂದು ಗಜ, ಇಪ್ಪತ್ತೆರಡು ಗಜ. ಒಟ್ಟು ತೊಂಬತ್ತೇಳು. ಎಮಿಲ್ ಮೂರನ್ನೂ ಓಟ ಎಂದು ಬರೆದ. ಡೆನ್ನಿ ಆ ವರ್ಷದ ಪಟ್ಟಿಯಲ್ಲಿ ಮೊದಲಾದ, ಕಾಲೇಜಿಗೆ ಹೋದ, ಎರಡನೇ ವರ್ಷ ಮೊಣಕಾಲು ಮುರಿದುಕೊಂಡು ಬಂದು ಕಾರು ಮಾರಿದ. ಲ್ಯಾಂಡೊ ಕಾರ್ಖಾನೆಗೆ ಹೋದ.

ಕಾರ್ಖಾನೆ ಮುಚ್ಚಿದ ಮೇಲೆ ಎಮಿಲ್‌ಗೂ ಲ್ಯಾಂಡೊಗೂ ಸ್ಕೂಲ್ ಬಸ್ ರಿಪೇರಿ ಮಾಡುವ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತಮೂರು ವರ್ಷ ಒಂದೇ ಬಸ್ಸಿನ ಕೆಳಗೆ ಇಬ್ಬರೂ ಮಲಗಿದರು, ಒಂದೇ ಡಬ್ಬಿಯಲ್ಲಿ ಉಂಡರು. ಎಮಿಲ್‌ನ ಹೆಂಡತಿ ಐರೀನ್ ಕಾಯಿಲೆ ಬಿದ್ದ ವರ್ಷ, ವಾರಕ್ಕೆ ಮೂರು ಸಲ ಅವಳನ್ನು ಆಸ್ಪತ್ರೆಗೆ ಕರೆದೊಯ್ದದ್ದು ಲ್ಯಾಂಡೊ. ಎಮಿಲ್‌ಗೆ ಆಗ ಕಾರು ಓಡಿಸುವ ಧೈರ್ಯವೇ ಇರಲಿಲ್ಲ. ಇಂಥವನಿಗೆ ಹೇಳುವುದು ಹೇಗೆ? ಮೊದಲ ವರ್ಷ ಹೇಳಲು ಸಂಕೋಚವಾಯಿತು, ಹತ್ತನೇ ವರ್ಷ ಹೆದರಿಕೆಯಾಯಿತು, ಆಮೇಲಾಮೇಲೆ ಹೇಳದಿರುವುದೇ ಅಭ್ಯಾಸವಾಯಿತು. ಇರುವ ಒಬ್ಬ ಗೆಳೆಯನನ್ನೂ ಕಳಕೊಂಡರೆ ತನಗೆ ಯಾರಿದ್ದಾರೆ ಎಂಬುದು ಎಮಿಲ್‌ನ ನಿಜವಾದ ಭಯ.

ಆದರೆ ಪಟ್ಟಿಯ ಕೆಳಗೆ ಒಂದು ಸಾಲಿತ್ತು: ತಪ್ಪುಗಳಿದ್ದರೆ ಮಂಗಳವಾರ ಸಂಜೆಯೊಳಗೆ ತಿಳಿಸಿ, ತಿದ್ದಿದ ಪಟ್ಟಿ ಹಬ್ಬದ ಹಿಂದಿನ ದಿನ ಬರುತ್ತದೆ. ಇನ್ನು ಆಟವಿಲ್ಲ, ಸ್ಕೂಲಿಲ್ಲ, ಪಟ್ಟಿಯೂ ಇಲ್ಲ. ಈ ಸಲ ಅಚ್ಚಾದದ್ದೇ ಶಾಶ್ವತ. ಎಮಿಲ್ ಆ ಸಾಲನ್ನು ಮನೆಯಲ್ಲಿ ಕೂತು ಹತ್ತು ಸಲ ಓದಿದ.

ಮಂಗಳವಾರ ಮಧ್ಯಾಹ್ನ ಅವನು ಒಗೆದ ಅಂಗಿ ಹಾಕಿಕೊಂಡು ಪತ್ರಿಕೆಯ ಕಚೇರಿಗೆ ಹೋದ. ಟೆಸ್ ವಾರ್ನಕ್ ಇಪ್ಪತ್ತೇಳು ವರ್ಷದ ಹುಡುಗಿ. ಮೇಜಿನ ಮೇಲೆ ಹಳೆಯ ಪತ್ರಿಕೆಗಳ ರಾಶಿ, ಸೋಮವಾರದಿಂದ ಬೈಗುಳದ ಫೋನು ಕೇಳಿ ಕೇಳಿ ಕೆಂಪಾದ ಕಿವಿ.

"ನೀವು ಯಾರ ಕಡೆಯವರು, ಸರ್?" ಎಂದಳು, ಕೂರುವ ಮೊದಲೇ. "ಡೆನ್ನಿ ಕಡೆಯೋ, ಲ್ಯಾಂಡೊ ಕಡೆಯೋ?"

"ನಾನು ಪುಸ್ತಕ ಬರೆದವನು," ಎಂದ ಎಮಿಲ್.

ಎಲ್ಲ ಹೇಳಿದ. ಒಂದೇ ಉಸಿರಿಗೆ, ಪಾಠ ಒಪ್ಪಿಸುವ ಮಗುವಿನ ಹಾಗೆ. ಟೆಸ್ ಬರೆದುಕೊಳ್ಳುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು.

"ಆ ಆಟದ ಫಿಲ್ಮ್ ಇದೆಯಾ?"

"ಸ್ಕೂಲಿನ ನೆಲಮಾಳಿಗೆಗೆ ನೀರು ನುಗ್ಗಿದ ವರ್ಷ ಎಲ್ಲ ಹೋಯ್ತಮ್ಮ."

"ಹಾಗಾದ್ರೆ ನಿಮ್ಮ ಮಾತೊಂದೇ ಆಧಾರ. ಮೂರೂ ಎಸೆತ ಮುಂದಕ್ಕೇ ಹೋಗಿತ್ತಾ, ಮಿಸ್ಟರ್ ಸೋಪ್ಕೊ? ಖಚಿತವಾ?"

"ಮೂರೂ. ಬರೆದೋನು ನಾನೇ ಅಲ್ವಾ, ನನಗೆ ಗೊತ್ತಿಲ್ವಾ?"

ಅವಳು ಕೂಡಿಸಿದಳು. 1,339ಕ್ಕೆ 97 ಸೇರಿದರೆ 1,436. "ಲ್ಯಾಂಡೊ ಮೇಲೆ ಬರ್ತಾರೆ. ಇಪ್ಪತ್ತನಾಲ್ಕು ಗಜ." ಪೆನ್ನು ಕೆಳಗಿಟ್ಟು ಕೇಳಿದಳು, "ಅವರಿಗೆ ಹೇಳಿದೀರಾ?"

"ಪೇಪರಲ್ಲಿ ಓದ್ಕೋತಾನೆ."

"ನೀವೇ ಹೇಳೋದು ಒಳ್ಳೇದು, ಸರ್. ನಾಳೆ ಬೆಳಗ್ಗೆಯವರೆಗೂ ಟೈಮಿದೆ."

"ಹೇಳ್ತೀನಿ," ಎಂದ ಎಮಿಲ್.

ಹೇಳಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಸೇತುವೆ ದಾಟಿ ಟಾರ್ಬೆಟ್‌ಗೆ ಹೋದ, ಲ್ಯಾಂಡೊನ ಮನೆಯ ಮುಂದೆ ಕಾರು ನಿಧಾನ ಮಾಡಿದ. ಅಡುಗೆಮನೆಯ ಕಿಟಕಿಯಲ್ಲಿ ಲ್ಯಾಂಡೊ ಕುಂಬಳಕಾಯಿ ಪೈಗೆ ಹಿಟ್ಟು ನಾದುತ್ತಿರುವುದು ಕಾಣಿಸಿತು. ಹೆಂಡತಿ ಏನೋ ಬೈಯುತ್ತಿದ್ದಳು, ಅವನು ನಗುತ್ತಿದ್ದ. ಎಮಿಲ್ ಕಾರು ನಿಲ್ಲಿಸದೆ ಮುಂದೆ ಹೋದ. ಒಳ್ಳೆಯ ಸುದ್ದಿಯೇ ತಾನೇ, ಎಂದುಕೊಂಡ. ನಾಳೆ ಮೇಲಿನ ಸ್ಥಾನ ನೋಡಿ ಖುಷಿಪಡುತ್ತಾನೆ, ಖುಷಿಯಲ್ಲಿ ನನ್ನನ್ನು ಕ್ಷಮಿಸಿಬಿಡುತ್ತಾನೆ. ಎದುರು ನಿಂತು ಹೇಳುವ ಎದೆಯಿಲ್ಲದವನು ಪತ್ರಿಕೆಯ ಬಾಯಲ್ಲಿ ಹೇಳಿಸಿದ. ಮೊದಲ ತಪ್ಪಿಗೆ ವಯಸ್ಸಿನ ನೆಪವಾದರೂ ಇತ್ತು. ಇದಕ್ಕೆ ಯಾವುದೂ ಇರಲಿಲ್ಲ.

ಬುಧವಾರ ಅವನು ಹೋಟೆಲಿನ ಬಾಗಿಲು ತೆಗೆದ. ಕ್ಲೆಮ್ ಎದ್ದು ನಿಂತ.

"ಬಂದ ನೋಡ್ರಪ್ಪಾ ಧರ್ಮರಾಯ! ಸತ್ತೋನ ಸ್ಥಾನ ಕಿತ್ಕೊಳ್ಳೋಕೆ ನಲವತ್ತೆಂಟು ವರ್ಷ ಕಾದಿದ್ಯೇನೋ? ಡೆನ್ನಿ ಇದ್ದಾಗ ಹೇಳ್ಬೇಕಿತ್ತು. ಅವನು ನಿನ್ನ ಅಣ್ಣಾ ಅಂತಿದ್ದ ಕಣೋ!"

"ನೀನು ಕೂತ್ಕೊ ಕ್ಲೆಮ್, ರಕ್ತದೊತ್ತಡ," ಎಂದಳು ಡೊಲೋರೆಸ್. ಆದರೆ ಅವಳೂ ಎಮಿಲ್‌ಗೆ ಲೋಟ ಇಡಲಿಲ್ಲ. ಕೌಂಟರ್ ಒರೆಸುತ್ತ, ಅವನತ್ತ ನೋಡದೆ ಹೇಳಿದಳು, "ಹೊರಗೆ ಟ್ರಕ್ಕಲ್ಲಿ ಕೂತಿದಾನೆ. ಅರ್ಧ ಗಂಟೆ ಆಯ್ತು. ಒಳಗೆ ಬಾ ಅಂದ್ರೆ ಬರ್ಲಿಲ್ಲ."

ಲ್ಯಾಂಡೊ ಟ್ರಕ್ಕಿನ ಬಾಗಿಲನ್ನು ಒಳಗಿಂದಲೇ ತೆರೆದ. ಪತ್ರಿಕೆ ಇಬ್ಬರ ನಡುವೆ ಸೀಟಿನ ಮೇಲಿತ್ತು. ನಾಲ್ಕು: ಲ್ಯಾಂಡೊ ಫುಸಾರೊ. ಐದು: ಡೆನ್ನಿ ಮರ್ಹೆಫ್ಕ. ಕೆಳಗೆ ಎಮಿಲ್ ಸೋಪ್ಕೊನ ಹೆಸರು, ಅವನ ತಪ್ಪೊಪ್ಪಿಗೆ, ಎಲ್ಲ. ಎಮಿಲ್ ಬಾಯಿ ತೆರೆದ.

"ಈಗ ಬೇಡ," ಎಂದ ಲ್ಯಾಂಡೊ. "ಮೈದಾನಕ್ಕೆ ಹೋಗೋಣ."

ಮೈದಾನದಲ್ಲಿ ಒಬ್ಬನೇ ಒಬ್ಬ ಆಳು ಸುಣ್ಣದ ಗಾಡಿ ತಳ್ಳುತ್ತ ನಾಳೆಯ ಆಟಕ್ಕೆ ಗೆರೆ ಹಾಕುತ್ತಿದ್ದ. ಐದೈದು ಗಜಕ್ಕೊಂದು ಬಿಳಿ ಗೆರೆ. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಲ್ಯಾಂಡೊ ನಡುವಿನ ಗೆರೆಯವರೆಗೆ ಹೋಗಿ ತಿರುಗಿ ನಿಂತ.

"ಯಾವ ಮೂರು ಎಸೆತ? ಹೇಳು."

"ಲ್ಯಾಂಡೊ, ನಾನು ತಪ್ಪು ಮಾಡ್ದೆ ಕಣೋ, ನನ್ನ..."

"ಅದು ಪೇಪರಲ್ಲಿದೆ. ನಾನು ಕೇಳಿದ್ದು ಎಸೆತ."

ಎಮಿಲ್ ತುಟಿ ಒದ್ದೆ ಮಾಡಿಕೊಂಡ. "ಮೊದಲನೇದು ಅರ್ಧ ಆಟಕ್ಕೆ ಸ್ವಲ್ಪ ಮುಂಚೆ. ಆ ಕಡೆ, ನದಿ ಕಡೆ ಓಡ್ತಾ ಎಸೆದೆ. ಮೂವತ್ತನಾಲ್ಕು."

ಲ್ಯಾಂಡೊ ಆ ಜಾಗಕ್ಕೆ ನಡೆದು ನಿಂತು, ಏಳದ ಕೈಯನ್ನು ಸೊಂಟದ ಪಕ್ಕಕ್ಕೆ ತಂದು ಬೀಸಿದ. ಕಣ್ಣು ಅರ್ಧ ಮುಚ್ಚಿತ್ತು. "ಹೌದು. ಮುಂದಕ್ಕೆ. ಒಂದು ಮಾರು ಮುಂದಕ್ಕೆ. ಅವತ್ತು ಮನೆಗೆ ಹೋಗಿ ಅಪ್ಪಂಗೂ ಹಾಗೇ ಹೇಳ್ದೆ. ಪೇಪರಲ್ಲಿ ಓಟ ಅಂತ ಬಂತು. ಮೇಲೆ ಕೂತೋನಿಗೆ ಚೆನ್ನಾಗಿ ಕಾಣ್ಸುತ್ತೆ, ನನಗೇ ಭ್ರಮೆ ಅಂದ್ಕೊಂಡೆ. ಮೂರನೇದು?"

"ಕೊನೇದು. ಗೆದ್ದಿದ್ದು. ಇಪ್ಪತ್ತೆರಡು."

"ಅದೂ ಮುಂದಕ್ಕೆ," ಎಂದ ಲ್ಯಾಂಡೊ. "ಎರಡನೇದು ಹೇಳು."

"ಎರಡನೇದು... ಆಟದ ಮೂರನೇ ಕಾಲು ಭಾಗದಲ್ಲಿ. ನಲವತ್ತೊಂದು ಗಜ. ಪಾಲಿ ಗ್ರೆಕೊ ಹಿಡಿದು ಓಡಿದ."

"ಪಾಲಿ ಎಲ್ಲಿದ್ದ?"

ಎಮಿಲ್ ಹುಲ್ಲು ನೋಡಿದ. ಮೊದಲನೆಯದು ಕಣ್ಣಿಗೆ ಕಟ್ಟಿದಂತಿತ್ತು, ಮೂರನೆಯದೂ ಇತ್ತು. ಎರಡನೆಯದರಲ್ಲಿ ಪಾಲಿ ಇರಲಿಲ್ಲ, ಲ್ಯಾಂಡೊ ಇರಲಿಲ್ಲ, ಚೆಂಡೂ ಇರಲಿಲ್ಲ. ಅಲ್ಲಿದ್ದವನು ಡೆನ್ನಿ. ತಲೆಯ ಮೇಲೆ ಟವೆಲು ಹಾಕಿಕೊಂಡು ಬೆಂಚಿನಲ್ಲಿ ಬಗ್ಗಿ ಕೂತ ಡೆನ್ನಿ. ಜನ ಕೂಗಿದ ಮೇಲೆ ಎಮಿಲ್ ತಲೆಯೆತ್ತಿದ್ದ; ಪಾಲಿ ಆಗಲೇ ದೂರ ಓಡುತ್ತಿದ್ದ.

"ಗೊತ್ತಿಲ್ಲ. ನಾನು ಡೆನ್ನೀನ ನೋಡ್ತಿದ್ದೆ," ಎಂದ.

"ನಾನು ಹೇಳ್ತೀನಿ. ಪಾಲಿ ಜಾರಿ ಬಿದ್ದ. ಎದ್ದು ಬರೋದು ತಡ ಆಯ್ತು. ಅಷ್ಟೊತ್ತಿಗೆ ನಾನು ಎರಡು ಹೆಜ್ಜೆ ಮುಂದೆ ಹೋಗ್ಬಿಟ್ಟಿದ್ದೆ. ತಿರುಗಿ ಹಿಂದಕ್ಕೆ ಕೊಟ್ಟೆ. ಹಿಂದಕ್ಕೆ, ಎಮಿಲ್. ಅದು ಎಸೆತ ಅಲ್ಲ. ನೀನು ಬರೆದಿದ್ದೇ ಸರಿ."

ಎಮಿಲ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದೊಡನೆ, ನಾಚಿಕೆಯಾಗಬೇಕು, ಅವನಿಗೆ ಎದೆ ಹಗುರಾಯಿತು. "ಹಾಗಾದ್ರೆ... ನಲವತ್ತೊಂದು ತೆಗೆದ್ರೆ..."

"1,395," ಎಂದ ಲ್ಯಾಂಡೊ. ಲೆಕ್ಕ ಮಾಡಿಕೊಂಡೇ ಬಂದಿದ್ದ.

"ಡೆನ್ನಿನೇ ಮುಂದೆ ಇರ್ತಿದ್ದ! ನಾನು ಸರಿಯಾಗಿ ಬರೆದಿದ್ರೂ ಡೆನ್ನಿನೇ ಮೊದಲು! ಅಂದ್ರೆ ನನ್ನಿಂದ ಏನೂ..."

"ಹೌದು. ಹದಿನೇಳು ಗಜ ಮುಂದೆ." ಲ್ಯಾಂಡೊ ಅವನ ಮಾತು ಮುಗಿಯಲು ಬಿಡಲಿಲ್ಲ. ದನಿ ಏರಿಸಲೂ ಇಲ್ಲ. "ಅವತ್ತಿನ ಮುಂದಿನ ವಾರ ಓಹಾಯೊದ ಒಂದು ಚಿಕ್ಕ ಕಾಲೇಜಿಂದ ನನಗೆ ಕಾಗದ ಬಂತು. ದೊಡ್ಡದೇನಲ್ಲ. ಬಾ, ಒಂದು ದಿನ ಎಸೆದು ತೋರಿಸು ಅಂತ. ಇದನ್ನ ನಾನು ಯಾರಿಗೂ ಹೇಳಿಲ್ಲ, ನನ್ನ ಹೆಂಡ್ತಿಗೂ ಇಲ್ಲ. ಅಪ್ಪ ಹೋಗು ಅಂದ. ಬಸ್ಸಿನ ಟೈಮು ಕೇಳ್ಕೊಂಡು ಬಂದ. ನಾನೇ ಅಪ್ಪಂಗೆ ಪೇಪರು ತೋರಿಸ್ದೆ. 'ನೋಡಪ್ಪ, ಎಪ್ಪತ್ತಮೂರು ಗಜ ಹಿಂದೆ ಬಿದ್ದಿದೀನಿ. ಪಕ್ಕದ ಊರಿನ ಹುಡುಗನ ಹತ್ರಾನೇ ಇಷ್ಟು ಹಿಂದೆ. ಅಲ್ಲಿಗೆ ಹೋಗಿ ನಗೆಪಾಟಲಾಗೋದು ಯಾಕೆ' ಅಂದೆ. ಅಪ್ಪ ಪೇಪರು ನೋಡಿ ಸುಮ್ಮನಾದ. ಸ್ಕೂಲು ಮುಗಿದ ಮರು ಸೋಮವಾರ ಇಬ್ರೂ ಒಟ್ಟಿಗೆ ಕಾರ್ಖಾನೆಗೆ ಹೋದ್ವಿ."

ಸುಣ್ಣದ ಗಾಡಿ ಕಿರುಗುಟ್ಟುತ್ತ ಅವರನ್ನು ದಾಟಿ ಹೋಯಿತು.

"ಹದಿನೇಳು ಅಂತ ಬಂದಿದ್ರೆ ಹೋಗ್ತಿದ್ದೆ ಕಣೋ," ಎಂದ ಲ್ಯಾಂಡೊ. "ಹದಿನೇಳು ಗಜ ಅಂದ್ರೆ ಏನು? ಒಂದು ಎಸೆತ. ಆ ವರ್ಷ ಯಾವುದೋ ಶುಕ್ರವಾರದ ಆಟದಲ್ಲಿ ಯಾವನೋ ಕೈ ಜಾರಿಸಿದ ಒಂದು ಚೆಂಡು. ಅಷ್ಟೇ ವ್ಯತ್ಯಾಸ ಅಂತ ಗೊತ್ತಿದ್ರೆ ಬಸ್ಸು ಹತ್ತಿರ್ತಿದ್ದೆ. ಅಲ್ಲಿ ಸೋತು ಬಂದಿದ್ರೂ ಪರವಾಗಿರ್ಲಿಲ್ಲ."

"ಲ್ಯಾಂಡೊ..."

"ನೀನು ಎರಡು ಎಸೆತ ಕದ್ದೆ. ಅದನ್ನ ಕ್ಷಮಿಸಬಹುದೋ ಏನೋ, ನಿಂಗಾಗ ಇಪ್ಪತ್ತೆರಡು. ಆದ್ರೆ ನಿನ್ನೆ ನಿನ್ನ ಹೊಟ್ಟೆ ತಣ್ಣಗಾಗ್ಲಿ ಅಂತ ನನ್ನದಲ್ಲದ ನಲವತ್ತೊಂದು ಗಜಾನೂ ಸೇರಿಸಿ ಕೊಟ್ಟು ಬಂದೆಯಲ್ಲ. ನನ್ನ ಒಂದು ಮಾತು ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ಅವತ್ತು ನೀನು ಡೆನ್ನೀನ ನೋಡ್ತಿದ್ದೆ, ನಿನ್ನೆ ನಿನ್ನನ್ನೇ ನೋಡ್ಕೊಂಡೆ. ನಾನು ಎಸೆದಿದ್ದನ್ನ ಯಾವತ್ತು ನೋಡಿದೀಯೋ ನೀನು?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಎಮಿಲ್ ಆನೆಯನ್ನೇ ಹೊಡೆದುಕೊಂಡು ಬಂದಿದ್ದ, ಅದೂ ಕದ್ದ ಆನೆ.

"ಆ ಹುಡುಗಿಗೆ ಫೋನ್ ಮಾಡಿ ಹೇಳು," ಎಂದ ಲ್ಯಾಂಡೊ, ಟ್ರಕ್ಕಿನ ಕಡೆ ಹೊರಡುತ್ತ. "ನಲವತ್ತೊಂದು ತೆಗಿ ಅಂತ."

"ಮತ್ತೆ ಕೆಳಗೆ ಹೋಗ್ತೀಯಲ್ಲೋ."

"ಕೆಳಗೇ ಇರ್ತೀನಿ. ಎಷ್ಟು ಕೆಳಗೆ ಅನ್ನೋದು ಸರಿಯಾಗಿ ಇರ್ಲಿ." ಹತ್ತು ಹೆಜ್ಜೆ ಹೋಗಿ, ತಿರುಗದೆ ಹೇಳಿದ, "ನೀನು ನಡ್ಕೊಂಡು ಹೋಗು. ನಾನು ನಿನ್ನ ಮನೆ ಕಡೆ ಹೋಗಲ್ಲ."

ಟ್ರಕ್ಕು ಹೋಯಿತು. ಎಮಿಲ್ ಅಲ್ಲೇ ನಿಂತು ಟೆಸ್‌ಗೆ ಫೋನು ಮಾಡಿದ. ಅವಳು, ಹಬ್ಬದ ದಿನದ ಪತ್ರಿಕೆ ಮುಗಿದಿದೆ, ಶುಕ್ರವಾರ ಒಳಪುಟದಲ್ಲಿ ಎರಡು ಸಾಲು ಹಾಕಬಹುದು, ಎಂದಳು. "ಹಬ್ಬದ ಮಾರನೇ ದಿನ ಪೇಪರು ಯಾರೂ ಓದಲ್ಲ, ಸರ್," ಎಂದೂ ಹೇಳಿದಳು, ತಪ್ಪು ತನ್ನದೇನೋ ಎಂಬಂತೆ.

ಫೋನು ಜೇಬಿಗೆ ಹಾಕಿಕೊಂಡು ಎಮಿಲ್ ಮನೆಯ ಕಡೆ ಹೊರಡಬೇಕಿತ್ತು, ಹೊರಡಲಿಲ್ಲ. ಲ್ಯಾಂಡೊ ನಿಂತಿದ್ದ ಗೆರೆಯ ಮೇಲೆ ಇಬ್ಬನಿ ಕರಗಿ ಎರಡು ಹೆಜ್ಜೆಯ ಗುರುತಿತ್ತು. ಅದರ ಪಕ್ಕ ತನ್ನ ಕಾಲಿಟ್ಟು ಮುಂದಕ್ಕೆ ನಡೆದ. ಒಂದು ಗೆರೆ, ಎರಡು ಗೆರೆ, ಮೂರು ಗೆರೆ ದಾಟಿ ಇನ್ನೆರಡು ಹೆಜ್ಜೆ. ಹದಿನೇಳು ಗಜ. ತಿರುಗಿ ನೋಡಿದ. ಹೊರಟ ಜಾಗ ಅಲ್ಲೇ ಇತ್ತು. ಅಲ್ಲಿ ಒಬ್ಬ ಹುಡುಗ ನಿಂತಿದ್ದರೆ ಅವನ ಮುಖ ಕಾಣುತ್ತಿತ್ತು, ಮೆಲ್ಲಗೆ ಕರೆದರೂ ಅವನಿಗೆ ಕೇಳಿಸುತ್ತಿತ್ತು.

"ಯಾರನ್ನಾದ್ರೂ ಹುಡುಕ್ತಿದೀರಾ ಅಜ್ಜಾ?" ಎಂದು ಸುಣ್ಣದ ಗಾಡಿಯವನು ದೂರದಿಂದ ಕೇಳಿದ.

ಎಮಿಲ್ ಇಲ್ಲವೆಂದು ಕೈಯಾಡಿಸಿದ, ಆಮೇಲೆ ಒದ್ದೆ ಹುಲ್ಲಿನ ಮೇಲೆ ಕುಕ್ಕರಿಸಿ ಅತ್ತ.